ಮಂತ್ರಿಯ ಅರ್ಹತೆ, ಮುಖ್ಯಮಂತ್ರಿಯ ಹೊಣೆ

2020ರ ನವೆಂಬರ್ 30ರಂದು ಕರ್ನಾಟಕ ಹೈಕೋರ್ಟು ಎಚ್. ವಿಶ್ವನಾಥ್ ಅವರ ಬಗ್ಗೆ ಒಂದು ಮಧ್ಯಂತರ ಆದೇಶ ಹೊರಡಿಸಿತು. ಅವರು ಸಚಿವರಾಗಲು ಅನರ್ಹರು, ಸಂಪುಟಕ್ಕೆ ಹೆಸರು ಶಿಫಾರಸು ಮಾಡುವಾಗ ಮುಖ್ಯಮಂತ್ರಿ ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. ವಿಶ್ವನಾಥ್ ಅಧಿಕಾರಕ್ಕೆ ಹೊಸಬರೇನಲ್ಲ. ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಶಿಕ್ಷಣ ಖಾತೆ ನಡೆಸಿದವರು, ಲೋಕಸಭೆಗೂ ಹೋಗಿ ಬಂದವರು. 2019ರಲ್ಲಿ ಸಮ್ಮಿಶ್ರ ಸರ್ಕಾರ ಉರುಳಿದಾಗ ಸ್ಪೀಕರ್ ಅನರ್ಹಗೊಳಿಸಿದ 17 ಶಾಸಕರಲ್ಲಿ ಅವರೂ ಒಬ್ಬರು. ಆ ಡಿಸೆಂಬರಿನ ಉಪಚುನಾವಣೆಯಲ್ಲಿ ಹುಣಸೂರಿನ ಮತದಾರರು ಅವರನ್ನು ಸೋಲಿಸಿದರು. ಮುಂದಿನ ವರ್ಷ ಅವರು ನಾಮಕರಣಗೊಂಡು ವಿಧಾನ ಪರಿಷತ್ತಿಗೆ ಬಂದರು. ನಾಮಕರಣವನ್ನು ಚುನಾವಣೆ ಎನ್ನಲಾಗದು, ಆದ್ದರಿಂದ ಪಕ್ಷಾಂತರದ ಅನರ್ಹತೆ ಇನ್ನೂ ಕಳೆದಿಲ್ಲ ಎಂದಿತು ನ್ಯಾಯಾಲಯ. ಸುಪ್ರೀಂ ಕೋರ್ಟು ಕೂಡ ಆ ಆದೇಶದಲ್ಲಿ ಕೈಹಾಕಲಿಲ್ಲ.

ಅದೇ ಗುಂಪಿನ ಇನ್ನಿಬ್ಬರ ಕಥೆ ಬೇರೆಯಾಯಿತು. ಎಂ.ಟಿ.ಬಿ. ನಾಗರಾಜ್ ಹೊಸಕೋಟೆಯ ಉಪಚುನಾವಣೆಯಲ್ಲಿ ಸೋತಿದ್ದರು, ಆರ್. ಶಂಕರ್ ಉಪಚುನಾವಣೆಗೆ ನಿಂತೇ ಇರಲಿಲ್ಲ. ಇಬ್ಬರೂ 2020ರ ಜೂನ್‌ನಲ್ಲಿ ಶಾಸಕರು ಮತ ಹಾಕುವ ಸ್ಥಾನಗಳಿಂದ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು. ಅವಿರೋಧವಾದರೂ ಅದು ಚುನಾವಣೆ. 2021ರ ಜನವರಿಯಲ್ಲಿ ಇಬ್ಬರೂ ಸಚಿವರಾಗಿ ಪ್ರಮಾಣ ವಚನ ಸ್ವೀಕರಿಸಿದರು.

ನ್ಯಾಯಾಲಯ ತಪ್ಪೇನೂ ಮಾಡಲಿಲ್ಲ, ಸಂವಿಧಾನದ 164(1ಬಿ) ವಿಧಿಯಲ್ಲಿ ಬರೆದಿದ್ದನ್ನೇ ಓದಿತು. ಆದರೆ ಈ ಮೂವರಲ್ಲಿ ಯಾರಿಗೆ ಇಲಾಖೆ ನಡೆಸುವ ಶಕ್ತಿ ಇತ್ತು, ಯಾರ ಮೇಲೆ ಸಾರ್ವಜನಿಕ ಹಣದ ವಿಷಯದಲ್ಲಿ ನಂಬಿಕೆ ಇಡಬಹುದಿತ್ತು ಎಂಬ ಪ್ರಶ್ನೆ ಈ ಇಡೀ ಪ್ರಕರಣದಲ್ಲಿ ಎಲ್ಲೂ ಏಳಲಿಲ್ಲ. ಕಾನೂನು ನೋಡಿದ್ದು ಯಾರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂಬುದನ್ನು ಮಾತ್ರ. ನಮ್ಮಲ್ಲಿ ಸಚಿವರ ಅರ್ಹತೆಯ ಬಗ್ಗೆ ಇರುವ ಕಾನೂನೆಲ್ಲ ಹೀಗೆಯೇ ಇದೆ. ಯಾರು ಆಗಬಾರದು ಎಂಬ ಪಟ್ಟಿ ಬೆಳೆಯುತ್ತಾ ಹೋಗಿದೆ. ಯಾರು ಆಗಬೇಕು ಎಂಬುದನ್ನು ಒಬ್ಬ ವ್ಯಕ್ತಿಯ ವಿವೇಚನೆಗೆ ಬಿಟ್ಟಿದ್ದೇವೆ. ಆ ವ್ಯಕ್ತಿ ತನ್ನ ಆಯ್ಕೆಗೆ ಕಾರಣ ಕೊಡಬೇಕೆಂದು ನಾವು ಕೇಳಿಯೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಸಂವಿಧಾನ ಹೇಳುವುದು ತೀರ ಕಡಿಮೆ. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಉಳಿದ ಸಚಿವರನ್ನು ಮುಖ್ಯಮಂತ್ರಿಯ ಸಲಹೆಯಂತೆ ನೇಮಿಸುತ್ತಾರೆ. ಶಾಸಕಾಂಗದ ಯಾವುದಾದರೂ ಸದನದ ಸದಸ್ಯತ್ವ ಇರಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಪಡೆಯಬೇಕು. ವಿಧಾನಸಭೆಗೆ 25 ವರ್ಷ, ಪರಿಷತ್ತಿಗೆ 30 ವರ್ಷ ತುಂಬಿರಬೇಕು. ಓದು, ಅನುಭವ, ಆಸ್ತಿ, ನಡತೆ ಯಾವುದರ ಮಾತೂ ಇಲ್ಲ. ಕೇಂದ್ರದ ಸಚಿವರಿಗೆ 75ನೇ ವಿಧಿ ಹೇಳುವುದೂ ಹೆಚ್ಚುಕಡಿಮೆ ಇಷ್ಟೇ.

ಇದು ಮರೆತು ಬಿಟ್ಟ ಜಾಗವಲ್ಲ. 1948ರ ಡಿಸೆಂಬರಿನ ಕೊನೆಯ ಎರಡು ದಿನ ಸಂವಿಧಾನ ಸಭೆಯಲ್ಲಿ ಇದೇ ಚರ್ಚೆ ನಡೆಯಿತು. ಶಿಕ್ಷೆಗೊಳಗಾದವರು ಸಚಿವರಾಗಬಾರದು, ಅಧಿಕಾರಕ್ಕೆ ಬರುವ ಮೊದಲು ತಮ್ಮ ಆಸ್ತಿ, ವ್ಯಾಪಾರ, ಪಾಲುದಾರಿಕೆಗಳನ್ನೆಲ್ಲ ಘೋಷಿಸಬೇಕು ಎಂದು ಕೆ.ಟಿ. ಶಾ ತಿದ್ದುಪಡಿ ತಂದರು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಕೂಡ, ಸಚಿವರು ತಮ್ಮ ವ್ಯಾವಹಾರಿಕ ಹಿತಾಸಕ್ತಿಗಳನ್ನು ಸಂಸತ್ತಿನ ಮುಂದೆ ಬಿಚ್ಚಿಡಬೇಕೆಂದು ಒತ್ತಾಯಿಸಿದರು. ಅಂಬೇಡ್ಕರ್ ಈ ಉದ್ದೇಶಗಳನ್ನು ತಳ್ಳಿಹಾಕಲಿಲ್ಲ. ಬರುವಾಗಿನ ಆಸ್ತಿ ಘೋಷಿಸಿದರೆ ಸಾಲದು, ಹೋಗುವಾಗಿನದ್ದೂ ಬೇಕು, ತಪ್ಪಿದವರಿಗೆ ಶಿಕ್ಷೆಯೂ ಬೇಕು ಎಂದು ಆ ತಿದ್ದುಪಡಿಗಳ ಅರೆಕೊರೆಯನ್ನು ಎತ್ತಿ ತೋರಿಸಿದರು. ಕಳಂಕಿತರು ಸಚಿವರಾಗಬಾರದೆಂಬುದನ್ನು ಒಪ್ಪಿದರು. ಆದರೆ ಇವನ್ನೆಲ್ಲ ಸಂವಿಧಾನದಲ್ಲಿ ಬರೆಯುವ ಬದಲು ಪ್ರಧಾನಿಯ ವಿವೇಕಕ್ಕೆ, ಶಾಸಕಾಂಗದ ವಿವೇಕಕ್ಕೆ, ಇಬ್ಬರನ್ನೂ ಗಮನಿಸುತ್ತಿರುವ ಜನರ ಕಣ್ಣಿಗೆ ಬಿಡೋಣ ಎಂದರು.

ಈ ಮಾತಿನಲ್ಲಿ ಮೂವರಿದ್ದಾರೆ: ಆರಿಸುವ ನಾಯಕ, ಪ್ರಶ್ನಿಸುವ ಸದನ, ನೋಡುತ್ತಿರುವ ಜನ. ಎಪ್ಪತ್ತೈದು ವರ್ಷಗಳಲ್ಲಿ ಮೊದಲನೆಯವರ ಕೈ ಮಾತ್ರ ಬಲವಾಗಿದೆ. ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ಆಳುವ ಪಕ್ಷದ ಶಾಸಕ ತನ್ನ ಮುಖ್ಯಮಂತ್ರಿಯ ಆಯ್ಕೆಯನ್ನು ಸದನದಲ್ಲಿ ಪ್ರಶ್ನಿಸುವುದು ಅಪರೂಪ. ಜನ ನೋಡುತ್ತಾರೆ ನಿಜ, ಆದರೆ ಯಾರಿಗೆ ಖಾತೆ ಸಿಕ್ಕಿತು ಎಂಬುದು ಮಾತ್ರ ಅವರಿಗೆ ಕಾಣುತ್ತದೆ, ಯಾಕೆ ಸಿಕ್ಕಿತು ಎಂಬುದು ಕಾಣುವುದಿಲ್ಲ.

ನಡುವೆ ಕಾನೂನು ಬೆಳೆದದ್ದು ಒಂದೊಂದು ಹಗರಣದ ಬೆನ್ನಿಗೆ. ಪಂಜಾಬಿನಲ್ಲಿ ತೇಜ್ ಪ್ರಕಾಶ್ ಸಿಂಗ್ ಸದಸ್ಯರಾಗದೆ ಆರು ತಿಂಗಳು ಸಚಿವರಾಗಿದ್ದು, ಕೆಳಗಿಳಿದು, 1996ರಲ್ಲಿ ಅದೇ ವಿಧಾನಸಭೆಯ ಅವಧಿಯಲ್ಲಿ ಮತ್ತೆ ಸಚಿವರಾದರು. ಇದು ಸಂವಿಧಾನಕ್ಕೆ ವಿರುದ್ಧ ಎಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮೇಲೆ ಆ ದಾರಿ ಮುಚ್ಚಿತು. ಅದೇ ವರ್ಷ ಜಯಲಲಿತಾ ಅವರ ನಾಮಪತ್ರಗಳು ತಿರಸ್ಕೃತವಾಗಿದ್ದರೂ ರಾಜ್ಯಪಾಲರು ಅವರನ್ನು ಮುಖ್ಯಮಂತ್ರಿಯಾಗಿ ನೇಮಿಸಿದರು. ಚುನಾವಣೆಗೆ ನಿಲ್ಲಲು ಅನರ್ಹರಾದವರು ಆರು ತಿಂಗಳ ರಿಯಾಯಿತಿಯನ್ನೂ ಬಳಸುವಂತಿಲ್ಲ ಎಂದು ಸೆಪ್ಟೆಂಬರಿನಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಕಲ್ಯಾಣ್ ಸಿಂಗ್ 1997ರಲ್ಲಿ ಉತ್ತರ ಪ್ರದೇಶದಲ್ಲಿ 93 ಮಂದಿಯ ಸಂಪುಟ ಕಟ್ಟಿದ್ದರು. ನಮ್ಮವರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಆಯೋಗ ಸಂಪುಟದ ಗಾತ್ರವನ್ನು ಕೆಳಮನೆಯ ಸದಸ್ಯಬಲದ ಶೇಕಡ 10ಕ್ಕೆ ಮಿತಿಗೊಳಿಸಲು 2002ರಲ್ಲಿ ಹೇಳಿತು. 2003ರ 91ನೇ ತಿದ್ದುಪಡಿ ಶೇಕಡ 15 ಎಂದಿತು. 224 ಸದಸ್ಯರ ನಮ್ಮ ವಿಧಾನಸಭೆಗೆ ಅದರಿಂದ ಬಂದ ಲೆಕ್ಕ 34. ಸಂಪುಟದಲ್ಲಿ ಜಾಗ ಸಿಗದವರಿಗೆ ನಿಗಮ ಮಂಡಳಿಗಳ ಅಧ್ಯಕ್ಷಗಿರಿ, ಸಂಪುಟ ದರ್ಜೆ, ಗೂಟದ ಕಾರು ಸಿಗುವ ಏರ್ಪಾಡೂ ಅದರ ಜೊತೆಗೇ ಬೆಳೆಯಿತು.

ಆರು ತಿಂಗಳ ರಿಯಾಯಿತಿಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ಅದನ್ನೇ ಕಿತ್ತುಹಾಕಬೇಕೆನ್ನುವವರಿದ್ದಾರೆ. ಆ ರಿಯಾಯಿತಿ ಇಲ್ಲದಿದ್ದರೆ 1991ರ ಜೂನ್‌ನಲ್ಲಿ ಮನಮೋಹನ್ ಸಿಂಗ್ ಹಣಕಾಸು ಸಚಿವರಾಗುತ್ತಿರಲಿಲ್ಲ, ಅವರು ರಾಜ್ಯಸಭೆಗೆ ಬಂದದ್ದು ಅಕ್ಟೋಬರಿನಲ್ಲಿ. 1996ರ ಜೂನ್‌ನಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾಗುತ್ತಿರಲಿಲ್ಲ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದಾಗ ವಿಧಾನಸಭೆಯಲ್ಲಿ ಇರಲಿಲ್ಲ, ಕನಕಪುರದ ಉಪಚುನಾವಣೆ ಗೆದ್ದು ಒಳಗೆ ಬಂದರು. ಒಂದು ಕ್ಷೇತ್ರದಲ್ಲಿ ಸೋತ ಮಾತ್ರಕ್ಕೆ ಸಮರ್ಥನೊಬ್ಬ ಸಂಪುಟದಿಂದ ಹೊರಗುಳಿಯಬಾರದು ಎಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ವಾದಿಸಿದ್ದರು. ಆ ವಾದಕ್ಕೆ ಇಂದಿಗೂ ಬೆಲೆಯಿದೆ.

ತೊಡಕು ಆರು ತಿಂಗಳ ಕೊನೆಯಲ್ಲಿ ಬರುವ ಪರೀಕ್ಷೆಯದು. ಮದ್ರಾಸ್ ರಾಜ್ಯದಲ್ಲಿ 1952ರಲ್ಲಿ ರಾಜಾಜಿ ಚುನಾವಣೆಗೆ ನಿಲ್ಲದೆ, ರಾಜ್ಯಪಾಲರ ನಾಮಕರಣದಿಂದ ಮೇಲ್ಮನೆಗೆ ಬಂದು ಮುಖ್ಯಮಂತ್ರಿಯಾದರು. ಅವರ ನಂತರ 1954ರಲ್ಲಿ ಬಂದ ಕಾಮರಾಜ್ ಗುಡಿಯಾತ್ತಂ ಉಪಚುನಾವಣೆಗೆ ನಿಂತು ಗೆದ್ದರು. ಕಾನೂನಿನ ಕಣ್ಣಿಗೆ ಎರಡೂ ಒಂದೇ. 1971ರಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ಟಿ.ಎನ್. ಸಿಂಗ್ ಮಾನಿರಾಂ ಉಪಚುನಾವಣೆಯಲ್ಲಿ ಸೋತು ಮನೆಗೆ ಹೋದರು. ರಾಜಸ್ಥಾನದಲ್ಲಿ ಸುರೇಂದ್ರ ಪಾಲ್ ಸಿಂಗ್ 2023ರ ಡಿಸೆಂಬರ್ 30ರಂದು ಸಚಿವರಾದರು, ಹತ್ತು ದಿನದೊಳಗೆ ಕರಣ್‌ಪುರದ ಮತದಾರರು ಅವರನ್ನು ಸೋಲಿಸಿದರು, ರಾಜೀನಾಮೆ ಕೊಟ್ಟರು. ರಾಜಸ್ಥಾನದಲ್ಲಿ ಮೇಲ್ಮನೆ ಇಲ್ಲ. ವಿಧಾನ ಪರಿಷತ್ತು ಇರುವ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇಲ್ಲಿ ಲಕ್ಷ್ಮಣ ಸವದಿ 2018ರಲ್ಲಿ ಅಥಣಿಯಲ್ಲಿ ಸೋತು, 2019ರ ಆಗಸ್ಟ್‌ನಲ್ಲಿ ಸಚಿವರಾಗಿ, ಉಪಮುಖ್ಯಮಂತ್ರಿಯೂ ಆಗಿ, ಗಡುವು ಮುಗಿಯಲು ಕೆಲವೇ ದಿನ ಇರುವಾಗ ಶಾಸಕರ ಮತದಿಂದ ಪರಿಷತ್ತಿಗೆ ಬಂದರು. ಎಲ್ಲವೂ ಕಾನೂನುಬದ್ಧ. ಆದರೆ ಜೈಪುರದಲ್ಲಿ ಜನ ನಡೆಸುವ ಪರೀಕ್ಷೆಯನ್ನು ಬೆಂಗಳೂರಿನಲ್ಲಿ ಸ್ವಪಕ್ಷದ ಶಾಸಕರೇ ನಡೆಸಿ ಪಾಸು ಮಾಡಬಹುದು ಎಂದಾದರೆ, ಒಂದೇ ಸಂವಿಧಾನದ ಕೆಳಗೆ ಎರಡು ಬಗೆಯ ಅರ್ಹತೆ ಇದ್ದಂತಾಯಿತು. ಸೋತವರಿಗೆ ಎರಡನೇ ಅವಕಾಶ ಇರಲಿ, ಅದನ್ನು ಕೊಡುವ ಹಕ್ಕು ಮತದಾರರಿಗೇ ಇರಲಿ.

ಜನಸಾಮಾನ್ಯರ ಮಾತಿನಲ್ಲಿ ಅರ್ಹತೆ ಎಂದರೆ ಮೊದಲು ಬರುವುದು ಓದು. ಗುಮಾಸ್ತನಿಗೂ ಪರೀಕ್ಷೆ ಇದೆ, ಮಂತ್ರಿಗೆ ಯಾಕಿಲ್ಲ ಎಂಬ ಮಾತು ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿಬರುತ್ತಲೇ ಇರುತ್ತದೆ. 2018ರಲ್ಲಿ ಎಂಟನೇ ತರಗತಿ ಓದಿದ ಜಿ.ಟಿ. ದೇವೇಗೌಡರಿಗೆ ಉನ್ನತ ಶಿಕ್ಷಣ ಖಾತೆ ಸಿಕ್ಕಿದಾಗ ಈ ಮಾತು ಜೋರಾಗಿತ್ತು. ನಾನು ಇದನ್ನು ಒಪ್ಪುವುದಿಲ್ಲ. ಗುಮಾಸ್ತನ ಕೆಲಸ ನಿಯಮವನ್ನು ಕಡತಕ್ಕೆ ಹೊಂದಿಸುವುದು. ಸಚಿವರ ಕೆಲಸ ಯಾರ ನೋವನ್ನು ಮೊದಲು ಕೇಳಬೇಕೆಂದು ತೀರ್ಮಾನಿಸುವುದು, ತಜ್ಞರ ನಡುವೆ ಭಿನ್ನಾಭಿಪ್ರಾಯ ಬಂದಾಗ ಒಂದು ಕಡೆ ನಿಲ್ಲುವುದು, ಆಮೇಲೆ ಸದನದಲ್ಲಿ ಬೈಗುಳ ತಿನ್ನುವುದು. ಶಾಲೆಯನ್ನು ಅರ್ಧಕ್ಕೆ ಬಿಟ್ಟ ಕಾಮರಾಜ್ ಹಳ್ಳಿಹಳ್ಳಿಗೆ ಶಾಲೆ ತಂದು ಮಕ್ಕಳಿಗೆ ಮಧ್ಯಾಹ್ನದ ಊಟ ಹಾಕಿಸಿದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಇದರ ಇನ್ನೊಂದು ಮುಖವೂ ಇದೆ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗಿಂತ ಅರ್ಹರಾದ ಆಡಳಿತಗಾರರು ಸಿಗುವುದು ಕಷ್ಟ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಪ್ರಶ್ನೆ ಬಂದು, ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದಾಗ ಅವರು ಅದಕ್ಕೆ ಒಪ್ಪದೆ ದಿವಾನಗಿರಿ ಬಿಟ್ಟರು. ಅವರ ಪ್ರಾಮಾಣಿಕತೆಯಲ್ಲಿ ಅನುಮಾನವಿಲ್ಲ. ಆದರೆ ಅವಕಾಶವೇ ಸಿಗದವರ ಕಡೆಯಿಂದ ನೋಡುವ ಕಣ್ಣು ಪದವಿಯ ಜೊತೆಗೆ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಹರಿಯಾಣ ಪಂಚಾಯಿತಿ ಚುನಾವಣೆಗೆ ಶೈಕ್ಷಣಿಕ ಅರ್ಹತೆ ತಂದಿತು, 2015ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಶಾಲೆ ಕಾಣದ ಬಡವರಿಗೆ, ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ ಆ ಶಾಸಕರು ತಮಗೆ ಅಂಥ ನಿಯಮ ಮಾಡಿಕೊಳ್ಳಲಿಲ್ಲ.

ಹಾಗಾದರೆ ಓದು ಬೇಡ, ಏನು ಬೇಕು? ಎರಡು ವಿಷಯಗಳಲ್ಲಿ ರಾಜಿ ಇರಬಾರದು. ಒಂದು, ಸಚಿವರ ಮೇಲಿನ ಕ್ರಿಮಿನಲ್ ಪ್ರಕರಣ. ಇನ್ನೊಂದು, ಅವರ ವ್ಯಾಪಾರಕ್ಕೂ ಖಾತೆಗೂ ಇರುವ ನಂಟು.

ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದರೆ ಸದಸ್ಯತ್ವ ಹೋಗುತ್ತದೆ. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ಅವಕಾಶವನ್ನು 2013ರ ಲಿಲಿ ಥಾಮಸ್ ತೀರ್ಪು ತೆಗೆದುಹಾಕಿತು. ಮರುವರ್ಷವೇ ಬೆಂಗಳೂರಿನ ವಿಶೇಷ ನ್ಯಾಯಾಲಯ ಜಯಲಲಿತಾ ಅವರಿಗೆ ನಾಲ್ಕು ವರ್ಷ ಶಿಕ್ಷೆ ಕೊಟ್ಟಾಗ, ಮುಖ್ಯಮಂತ್ರಿಯಾಗಿ ಪರಪ್ಪನ ಅಗ್ರಹಾರಕ್ಕೆ ಬಂದವರು ಮಾಜಿಯಾಗಿ ಜೈಲಿಗೆ ಹೋದರು. ಆದರೆ ಶಿಕ್ಷೆಯವರೆಗೆ ಏನೂ ಇಲ್ಲ, ಮತ್ತು ನಮ್ಮಲ್ಲಿ ಶಿಕ್ಷೆಯ ಹಂತಕ್ಕೆ ಬರಲು ಆಗುವ ತಡ ಎಲ್ಲರಿಗೂ ಗೊತ್ತಿದ್ದದ್ದೇ. ಆ ಮೊಕದ್ದಮೆಯೇ ಹದಿನೆಂಟು ವರ್ಷ ಎಳೆಯಿತು. ಗಂಭೀರ ಆರೋಪ ಹೊತ್ತವರನ್ನು ಸಚಿವರನ್ನಾಗಿ ಮಾಡಬಹುದೇ ಎಂಬ ಪ್ರಶ್ನೆ ಮನೋಜ್ ನರೂಲಾ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. 2014ರ ಆಗಸ್ಟ್‌ನಲ್ಲಿ ಪೀಠ, ಬರೆಯದ ಅನರ್ಹತೆಯನ್ನು ನಾವು ಸಂವಿಧಾನಕ್ಕೆ ಸೇರಿಸಲಾರೆವು, ಆದರೆ ಪ್ರಧಾನಿ ಮತ್ತು ಮುಖ್ಯಮಂತ್ರಿಗಳು ತಮ್ಮ ಮೇಲಿರುವ ಸಾಂವಿಧಾನಿಕ ನಂಬಿಕೆಗೆ ತಕ್ಕಂತೆ ನಡೆಯುತ್ತಾರೆಂದು ನಿರೀಕ್ಷಿಸುತ್ತೇವೆ ಎಂದಿತು. ಅಂಬೇಡ್ಕರ್ ಬಿಟ್ಟಲ್ಲಿಗೇ ಮತ್ತೆ ಬಂದು ನಿಂತಂತಾಯಿತು.

ಈಗ ಕೇಂದ್ರ ಸರ್ಕಾರ ಬೇರೊಂದು ದಾರಿ ಸೂಚಿಸಿದೆ. 2025ರ ಆಗಸ್ಟ್ 20ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋದ 130ನೇ ತಿದ್ದುಪಡಿ ಮಸೂದೆಯ ಪ್ರಕಾರ, ಐದು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧದಲ್ಲಿ ಬಂಧನಕ್ಕೊಳಗಾಗಿ ಸತತ 30 ದಿನ ಒಳಗಿದ್ದರೆ 31ನೇ ದಿನ ಸಚಿವ ಸ್ಥಾನ ಹೋಗುತ್ತದೆ. ಅರವಿಂದ ಕೇಜ್ರಿವಾಲ್ ಜೈಲಿನಿಂದ ತಿಂಗಳುಗಟ್ಟಲೆ ಮುಖ್ಯಮಂತ್ರಿಯಾಗಿ ಮುಂದುವರಿದದ್ದನ್ನು ಕಂಡವರಿಗೆ ಇದು ಸರಿ ಎನಿಸಬಹುದು. ನನಗೆ ಹಾಗೆನಿಸುವುದಿಲ್ಲ. ಬಂಧಿಸುವುದು ಪೊಲೀಸರ, ತನಿಖಾ ಸಂಸ್ಥೆಗಳ ನಿರ್ಧಾರ. ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಂಥ ಕಾನೂನಿನಡಿ ಮೂವತ್ತು ದಿನದಲ್ಲಿ ಜಾಮೀನು ಸಿಗುವುದೇ ಕಷ್ಟ. ಒಂದು ಸಂಪುಟವನ್ನು ಕೆಡಹುವ ಅಧಿಕಾರವನ್ನು ಇನ್ನೊಂದು ಸರ್ಕಾರದ ಕೈಕೆಳಗಿನ ಅಧಿಕಾರಿಗೆ ಕೊಟ್ಟಂತಾಗುತ್ತದೆ.

ನ್ಯಾಯಾಧೀಶರು ದಾಖಲೆ ನೋಡಿ, ಎರಡೂ ಕಡೆ ಕೇಳಿ, ದೋಷಾರೋಪ ನಿಗದಿ ಮಾಡುವ ಹಂತ ಇದಕ್ಕಿಂತ ಗಟ್ಟಿಯಾದ ಅಳತೆಗೋಲು. ಐದು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಆ ಹಂತದಲ್ಲೇ ಚುನಾವಣೆಯಿಂದ ಹೊರಗಿಡಬೇಕೆಂದು ಕಾನೂನು ಆಯೋಗ 2014ರ ತನ್ನ 244ನೇ ವರದಿಯಲ್ಲಿ ಹೇಳಿತ್ತು. ಚುನಾವಣೆಗೆ ನಿಲ್ಲುವವರ ವಿಷಯದಲ್ಲಿ ನನಗೆ ಹಿಂಜರಿಕೆಯಿದೆ, ಅಲ್ಲಿ ಮತದಾರರ ಹಕ್ಕೂ ಸೇರಿದೆ. ಸಚಿವರ ವಿಷಯದಲ್ಲಿ ಆ ಹಿಂಜರಿಕೆ ಬೇಕಿಲ್ಲ. ಸಚಿವ ಸ್ಥಾನ ಯಾರ ಹಕ್ಕೂ ಅಲ್ಲ. ಶಾಸಕನಾಗಿ ಉಳಿಯಲಿ, ಕ್ಷೇತ್ರದ ಕೆಲಸ ಮಾಡಲಿ, ಮೊಕದ್ದಮೆ ಮುಗಿಯುವ ತನಕ ಸಂಪುಟದ ಹೊರಗಿರಲಿ. ಮೊಕದ್ದಮೆಗಳನ್ನು ಹಿಂಪಡೆಯುವ ಪ್ರಸ್ತಾವ ಹೋಗುವುದು ಸರ್ಕಾರದಿಂದಲೇ. ಶಾಸಕ, ಸಂಸದರ ಮೇಲಿನ ಮೊಕದ್ದಮೆ ಹಿಂಪಡೆಯಲು ಹೈಕೋರ್ಟಿನ ಅನುಮತಿ ಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಆರೋಪಿ ಆ ಸರ್ಕಾರದ ಸಂಪುಟದಲ್ಲೇ ಕೂತಿರುವುದಕ್ಕೂ ವಿಧಾನಸಭೆಯ ಬೆಂಚಿನಲ್ಲಿ ಕೂತಿರುವುದಕ್ಕೂ ವ್ಯತ್ಯಾಸವಿದೆ.

ಹಿತಾಸಕ್ತಿಯ ವಿಷಯದಲ್ಲಿ ಕರ್ನಾಟಕ ಕಲಿತ ಪಾಠ ದುಬಾರಿಯಾದದ್ದು. 2008ರ ಸಂಪುಟದಲ್ಲಿ ಬಳ್ಳಾರಿಯ ಗಣಿ ಉದ್ಯಮಿಗಳೇ ಸಚಿವರಾಗಿದ್ದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂದ ಮೇಲೆ ಮುಖ್ಯಮಂತ್ರಿಯೇ ಕೆಳಗಿಳಿಯಬೇಕಾಯಿತು. ಕೇಂದ್ರ ಗೃಹ ಸಚಿವಾಲಯದ ಸಚಿವರ ನೀತಿ ಸಂಹಿತೆ ರಾಜ್ಯಗಳ ಸಚಿವರಿಗೂ ಅನ್ವಯಿಸುತ್ತದೆ. ಅಧಿಕಾರಕ್ಕೆ ಬರುವ ಮೊದಲು ವ್ಯವಹಾರದ ಆಡಳಿತದಿಂದ ದೂರ ಸರಿಯಬೇಕು, ಆಸ್ತಿ ವಿವರ ಕೊಡಬೇಕು ಎಂದೆಲ್ಲ ಅದರಲ್ಲಿದೆ. ಆದರೆ ಅದು ಕಾನೂನಲ್ಲ, ಮುರಿದವರಿಗೆ ಶಿಕ್ಷೆಯಿಲ್ಲ. ನಮ್ಮ ಲೋಕಾಯುಕ್ತ ಕಾಯ್ದೆಯಂತೆ ಪ್ರತಿ ವರ್ಷ ಜೂನ್ ಮುಗಿಯುವುದರೊಳಗೆ ಆಸ್ತಿ ಪಟ್ಟಿ ಸಲ್ಲಿಸಬೇಕು. ಪಟ್ಟಿ ಹೋಗುವುದು ಲೋಕಾಯುಕ್ತರ ಕಚೇರಿಗೆ. ಕಾಮತ್ ಕೇಳಿದ್ದು ಸದನದ ಮುಂದೆ ಬಿಚ್ಚಿಡುವುದನ್ನು.

ಈಗ ಆಯ್ಕೆ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ದಿಲ್ಲಿಯಲ್ಲಿ ಹೈಕಮಾಂಡ್ ಪಟ್ಟಿಗೆ ಒಪ್ಪಿಗೆ ಕೊಡುತ್ತದೆ. ಜಿಲ್ಲೆ, ಜಾತಿ, ಬಣ, ಹಿರಿತನ ಎಲ್ಲವೂ ತೂಗುತ್ತವೆ. ಹೆಸರು ಬಿಟ್ಟುಹೋದವರ ಬೆಂಬಲಿಗರು ಬೀದಿಗಿಳಿಯುತ್ತಾರೆ. ರಾಜಭವನದಲ್ಲಿ ಒಬ್ಬೊಬ್ಬರಾಗಿ ಬಂದು ಅಧಿಕಾರದ ಮತ್ತು ಗೋಪ್ಯತೆಯ ಪ್ರಮಾಣ ಸ್ವೀಕರಿಸಿ, ಸಹಿ ಹಾಕಿ, ರಾಜ್ಯಪಾಲರ ಕೈ ಕುಲುಕಿ ಹೋಗುತ್ತಾರೆ. ಖಾತೆ ಹಂಚಿಕೆ ನಡೆಯುವುದು ಆಮೇಲೆ. 2019ರಲ್ಲಿ ಆಗಸ್ಟ್ 20ಕ್ಕೆ ಪ್ರಮಾಣ ಸ್ವೀಕರಿಸಿದವರಿಗೆ ಖಾತೆ ಸಿಕ್ಕಿದ್ದು 26ಕ್ಕೆ. 2023ರಲ್ಲಿ ಮೇ 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣ ಮಾಡಿದವರು, 27ರಂದು ಉಳಿದ 24 ಮಂದಿ ಬರುವ ತನಕ ಕಾಯಬೇಕಾಯಿತು. ಯಾವ ಕೆಲಸ ಎಂದು ಗೊತ್ತಾಗುವ ಮೊದಲೇ ಪ್ರಮಾಣ ವಚನ ಮುಗಿದಿರುತ್ತದೆ. ಆ ಖಾತೆಗೆ ಈ ವ್ಯಕ್ತಿ ಯೋಗ್ಯರೇ ಎಂಬ ಪ್ರಶ್ನೆಗೆ ಈ ಕ್ರಮದಲ್ಲಿ ಜಾಗವೇ ಇಲ್ಲ.

ಜಾತಿ, ಜಿಲ್ಲೆಯ ಲೆಕ್ಕವನ್ನು ನಾನು ಹೀಗಳೆಯುತ್ತಿಲ್ಲ. ಕಲ್ಯಾಣ ಕರ್ನಾಟಕದ ದನಿ ಇಲ್ಲದ, ದಲಿತರು, ಅಲ್ಪಸಂಖ್ಯಾತರು, ಮಹಿಳೆಯರು ಇಲ್ಲದ ಸಂಪುಟ ಎಷ್ಟೇ ಪದವೀಧರರಿಂದ ತುಂಬಿದ್ದರೂ ಅರೆ ಸರ್ಕಾರವೇ. ಪ್ರಾತಿನಿಧ್ಯವೂ ಒಂದು ಅರ್ಹತೆ. ಆದರೆ ಒಂದು ಸಮುದಾಯದ ಹತ್ತಾರು ಶಾಸಕರಲ್ಲಿ ಇವರನ್ನೇ ಯಾಕೆ ಆರಿಸಿದಿರಿ, ಇದೇ ಖಾತೆ ಯಾಕೆ ಕೊಟ್ಟಿರಿ ಎಂಬ ಪ್ರಶ್ನೆಗೆ ಸಮುದಾಯದ ಹೆಸರು ಉತ್ತರವಾಗುವುದಿಲ್ಲ.

ಹಾಗಾಗಿ ನಾನು ಕೇಳುವುದು ಮೂರು ಬದಲಾವಣೆ. ಖಾತೆ ಹಂಚಿಕೆಯಾದ ಮೇಲಿನ ಮೊದಲ ಅಧಿವೇಶನದಲ್ಲಿ ಮುಖ್ಯಮಂತ್ರಿ ಪ್ರತಿ ಸಚಿವರ ಬಗ್ಗೆ ಒಂದು ಪುಟದ ಹೇಳಿಕೆಯನ್ನು ಸದನದ ಮುಂದಿಡಲಿ: ಈ ಖಾತೆಗೆ ಇವರೇ ಯಾಕೆ, ದೋಷಾರೋಪ ನಿಗದಿಯಾದ ಪ್ರಕರಣಗಳು ಯಾವುವು, ಖಾತೆಯ ವ್ಯಾಪ್ತಿಗೆ ಬರುವ ಕಾರ್ಖಾನೆ, ಕಾಲೇಜು, ಗಣಿ, ಗುತ್ತಿಗೆ ಕುಟುಂಬದವರ ಹೆಸರಿನಲ್ಲಿ ಏನೇನಿವೆ. ಗಂಭೀರ ಅಪರಾಧದಲ್ಲಿ ದೋಷಾರೋಪ ನಿಗದಿಯಾದವರನ್ನು ಸಂಪುಟಕ್ಕೆ ತೆಗೆದುಕೊಳ್ಳದಿರಲಿ. ಈ ಎರಡಕ್ಕೂ ಸಂವಿಧಾನ ತಿದ್ದುಪಡಿ ಬೇಕಿಲ್ಲ, ಮುಖ್ಯಮಂತ್ರಿ ಮನಸ್ಸು ಮಾಡಿದರೆ ಸಾಕು. ಮೂರನೆಯದಕ್ಕೆ ತಿದ್ದುಪಡಿ ಬೇಕು: ನಡೆಯುತ್ತಿರುವ ವಿಧಾನಸಭೆಗೆ ಸ್ಪರ್ಧಿಸಿ ಸೋತವರು ಸಚಿವರಾದರೆ ಆರು ತಿಂಗಳಲ್ಲಿ ಜನರಿಂದಲೇ ಗೆದ್ದು ಬರಬೇಕು, ಪರಿಷತ್ತಿನ ಬಾಗಿಲು ಅವರಿಗೆ ಸಾಲದು.

ಇದರಿಂದ ರಾಜ್ಯಪಾಲರ ಕೈಗೆ ಹೊಸ ಅಸ್ತ್ರ ಸಿಗುತ್ತದೆ ಎಂಬ ಭಯ ಸಹಜ. 2023ರ ಜೂನ್‌ನಲ್ಲಿ ತಮಿಳುನಾಡಿನ ರಾಜ್ಯಪಾಲರು ಜೈಲಿನಲ್ಲಿದ್ದ ಸಚಿವ ಸೆಂಥಿಲ್ ಬಾಲಾಜಿ ಅವರನ್ನು ತಾವೇ ವಜಾ ಮಾಡಿ, ಅದೇ ರಾತ್ರಿ ಆದೇಶವನ್ನು ತಡೆಹಿಡಿದದ್ದನ್ನು ನೋಡಿದ್ದೇವೆ. ಆದ್ದರಿಂದಲೇ ಹೇಳಿಕೆ ಹೋಗಬೇಕಾದದ್ದು ಸದನಕ್ಕೆ, ರಾಜಭವನಕ್ಕಲ್ಲ. ಸಮ್ಮಿಶ್ರ ಸರ್ಕಾರದಲ್ಲಿ ಮುಖ್ಯಮಂತ್ರಿಗೆ ಆಯ್ಕೆಯ ಸ್ವಾತಂತ್ರ್ಯವೇ ಇರುವುದಿಲ್ಲ ಎಂಬ ಮಾತೂ ಇದೆ. ನಿಜ. ಆದರೆ ಸಮರ್ಥಿಸಲಾಗದ ಹೆಸರಿಗೆ ಸಮರ್ಥನೆ ಬರೆದು ಸಹಿ ಹಾಕಬೇಕಾದಾಗ, ಒತ್ತಡ ತಂದ ಮಿತ್ರಪಕ್ಷಕ್ಕೆ ‘ಇದನ್ನು ನಾನು ಸದನದಲ್ಲಿ ಹೇಗೆ ಹೇಳಲಿ?’ ಎಂದು ಕೇಳಲು ಮುಖ್ಯಮಂತ್ರಿಗೆ ಒಂದು ನೆಪವಾದರೂ ಸಿಗುತ್ತದೆ. ಒಂದು ಪುಟದ ಹೇಳಿಕೆಯನ್ನು ಪೊಳ್ಳು ಮಾತುಗಳಿಂದ ತುಂಬಬಹುದು, ತುಂಬುತ್ತಾರೆ ಕೂಡ. ಆದರೆ ಎರಡು ವರ್ಷದ ನಂತರ ಅದೇ ಇಲಾಖೆಯಲ್ಲಿ ಹಗರಣ ಹೊರಬಿದ್ದಾಗ ಆ ಪೊಳ್ಳು ಪುಟವೇ ಕಡತದಲ್ಲಿ ಇರುತ್ತದೆ, ಅದರ ಕೆಳಗೆ ಮುಖ್ಯಮಂತ್ರಿಯ ಸಹಿಯೂ ಇರುತ್ತದೆ. ಇಂದು ಸಚಿವರು ರಾಜೀನಾಮೆ ಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ, ಅವರನ್ನು ಆರಿಸಿದವರನ್ನು ಯಾರೂ ಕೇಳುವುದಿಲ್ಲ. ಅರ್ಹತೆಯ ಪಟ್ಟಿಗೆ ಇನ್ನೂ ಹತ್ತು ಷರತ್ತು ಸೇರಿಸಿದರೂ ಆ ಕೊರತೆ ತುಂಬುವುದಿಲ್ಲ. ಆರಿಸುವ ಅಧಿಕಾರ ಒಬ್ಬರಿಗೇ ಇದ್ದ ಮೇಲೆ ಆಯ್ಕೆಯ ಲೆಕ್ಕ ಕೊಡಬೇಕಾದವರೂ ಅವರೇ.